ದೊಡ್ಡ ಕಂಪ್ರೆಸರ್ ಬೇಕಿರಲಿಲ್ಲ: ಒಂದು ಹಳೆ ಎಂಎಂ 540 ಜೀಪಿಗೆ ಎಸಿ ಕೂರಿಸಿದ ಪ್ರಕರಣ

ಹಿನ್ನೆಲೆ

ಈ ಜೀಪು ಹೊಳಲ್ಕೆರೆ ಕಡೆಯ ಒಬ್ಬ ಅಡಿಕೆ ಬೆಳೆಗಾರರದ್ದು. ಅವರ ಹೆಸರು, ಊರು, ಗಾಡಿ ನಂಬರ್ ಯಾವುದನ್ನೂ ಹಾಕುವುದಿಲ್ಲ. ಯಜಮಾನರು ಅಂತಲೇ ಕರೆಯುತ್ತೇನೆ. ಕೆಲಸ ಮಾಡಿದ ಗ್ಯಾರೇಜುಗಳ ಗುರುತೂ ಇಲ್ಲಿ ಇರುವುದಿಲ್ಲ. ನಾನು ಸೇರಿಕೊಂಡದ್ದು ಮಧ್ಯದಲ್ಲಿ, ವೈರಿಂಗ್ ಕೆಲಸಕ್ಕೆ. ಅದಕ್ಕೆ ಮುಂಚಿನ ವಿಷಯ ಯಜಮಾನರು ಹೇಳಿದ್ದು, ಬಿಲ್ಲುಗಳಲ್ಲಿ ಇದ್ದದ್ದು, ಬಾನೆಟ್ ಎತ್ತಿದಾಗ ಕಣ್ಣಿಗೆ ಬಿದ್ದದ್ದು.

ಗಾಡಿ ಮಹೀಂದ್ರ ಎಂಎಂ 540. ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್, 62 ಅಶ್ವಶಕ್ತಿ. ಯಜಮಾನರ ತಂದೆ ಕೊಂಡಿದ್ದು. ಮಳೆಗಾಲದಲ್ಲಿ ತೋಟದ ದಾರಿಗೆ ಬೇರೆ ಯಾವ ಗಾಡಿಯೂ ಹೋಗುವುದಿಲ್ಲ, ಹಾಗಾಗಿ ಮಾರುವ ಮಾತೇ ಇಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ಕಾರು ಅವನ ಹತ್ತಿರ ಇದೆ.

ಎಸಿ ಯಾಕೆ ಬೇಕಾಯಿತು ಅನ್ನೋದನ್ನು ಮೊದಲೇ ಹೇಳಬೇಕು, ಯಾಕೆಂದರೆ ಮುಂದಿನ ತೀರ್ಮಾನಗಳೆಲ್ಲ ಅದರ ಮೇಲೇ ನಿಂತಿವೆ. ಸೆಖೆಗೆ ಅಂತ ಅಲ್ಲ, ಧೂಳಿಗೆ. ಆ ಕಡೆ ಅದಿರು ಲಾರಿ ಓಡಾಡುವ ರಸ್ತೆಗಳಿವೆ. ಮನೆಯವರಿಗೆ ಧೂಳು ಆಗುವುದಿಲ್ಲ, ಉಸಿರಾಟದ ತೊಂದರೆ, ಆಗಾಗ ದಾವಣಗೆರೆಗೆ ಡಾಕ್ಟರ್ ಹತ್ತಿರ ಬರಬೇಕು. ಕೆಂಪು ಧೂಳು ಬರುತ್ತದೆ ಅಂತ ಪಕ್ಕದ ಪರದೆ ಮುಚ್ಚಿದರೆ, ಏಪ್ರಿಲ್ ಮಧ್ಯಾಹ್ನ ಟಾರ್ಪಲ್ ಕೆಳಗೆ ಕೂರುವುದಕ್ಕೇ ಆಗುವುದಿಲ್ಲ. ತೆರೆದರೆ ಧೂಳು. ಅದಕ್ಕೇ ಎಸಿ.

ಮೊದಲ ಕೆಲಸ

ಮೊದಲು ಹೋದದ್ದು ದಾವಣಗೆರೆಯ ಒಂದು ಗ್ಯಾರೇಜಿಗೆ. ವ್ಯಾನುಗಳಿಗೆ ಹಾಕುವಂಥ, ಡ್ಯಾಷ್‌ಬೋರ್ಡಿನ ಕೆಳಗೆ ನೇತುಹಾಕುವ ಎವಾಪರೇಟರ್ ಪೆಟ್ಟಿಗೆ (ಗಾಳಿ ತಣ್ಣಗಾಗುವುದು ಇದರಲ್ಲಿ), ಗ್ಯಾಸನ್ನು ಒತ್ತಿ ತಳ್ಳುವ ಸೆಕೆಂಡ್ ಹ್ಯಾಂಡ್ ಕಂಪ್ರೆಸರ್, ರೇಡಿಯೇಟರ್ ಮುಂದೆ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಒಂದು ಕಂಡೆನ್ಸರ್, ಅದರ ಮುಂದೆ ಒಂದು ಕರೆಂಟಿನ ಫ್ಯಾನು. ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಗೆ ಲೇತಿನಲ್ಲಿ ಇನ್ನೊಂದು ತೋಡು ತೆಗೆಸಿ ಬೆಲ್ಟು ಹಾಕಿದರು. ಗ್ಯಾಸು ಆರ್-134ಎ. ಇದರಲ್ಲಿ ತಪ್ಪು ಅನ್ನುವಂಥದ್ದು ಏನೂ ಇಲ್ಲ, ಹಳೆ ಜೀಪಿಗೆ ಎಸಿ ಕೂರಿಸುವ ದಾರಿಯೇ ಇದು.

ಕೆಲವು ದಿನ ಚೆನ್ನಾಗಿತ್ತು. ಅಂದರೆ ಹೈವೇಯಲ್ಲಿ ಚೆನ್ನಾಗಿತ್ತು. ಚಿತ್ರದುರ್ಗದಿಂದ ದಾವಣಗೆರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುವಾಗ ಮುಂದಿನ ಸೀಟಿನವರಿಗೆ ತಣ್ಣನೆ ಗಾಳಿ ಸಿಗುತ್ತಿತ್ತು. ಊರೊಳಗೆ ಬಂದು ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಅದೇ ಎಸಿ ಬಾಯಿಂದ ಬೆಚ್ಚನೆ ಗಾಳಿ. ಹೊಸದುರ್ಗದ ಕಡೆ, ಗಾಳಿಯಂತ್ರಗಳಿರುವ ಗುಡ್ಡದ ಏರಿನಲ್ಲಿ ರೇಡಿಯೇಟರ್ ನೀರು ಕುದಿಯಿತು. ರಾತ್ರಿ ಹೆಡ್‌ಲೈಟ್ ಮಂಕಾಯಿತು. ಆಮೇಲೆ ಕಂಪ್ರೆಸರಿನ ಬ್ರಾಕೆಟ್ ಬಿರುಕು ಬಿಟ್ಟು, ಬೆಲ್ಟು ಕಿತ್ತು, ಅರ್ಧ ದಾರಿಯಲ್ಲಿ ನಿಂತರು.

ಬ್ರಾಕೆಟ್ ವೆಲ್ಡ್ ಮಾಡಿಕೊಟ್ಟರು. ತಣ್ಣಗಾಗುತ್ತಿಲ್ಲ ಅಂದಾಗ ಗ್ಯಾಸು ಹಾಕಿದರು. ಮತ್ತೆ ಹೇಳಿದಾಗ ಮತ್ತೆ ಹಾಕಿದರು. ಕೊನೆಗೆ ಬಂದ ಸಲಹೆ: "ಯಜಮಾನ್ರೆ, ಈ ಕಂಪ್ರೆಸರ್ ಸಾಲಲ್ರೀ. ದೊಡ್ಡದು ಹಾಕಿಬಿಡೋಣ." ಅದಕ್ಕೊಂದು ಕೊಟೇಶನ್ನೂ ಬಂತು.

ಈ ಜಾಗದಲ್ಲೇ ತುಂಬಾ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಕಂಪ್ರೆಸರ್ ದೊಡ್ಡದಾದರೆ ಎಂಜಿನ್ ಮೇಲೆ ಭಾರ ಜಾಸ್ತಿ, ಕಂಡೆನ್ಸರಿಗೆ ಬರುವ ಬಿಸಿ ಜಾಸ್ತಿ. ಬಿಸಿ ಹೊರಗೆ ಹೋಗುವುದಕ್ಕೇ ದಾರಿ ಇಲ್ಲದ ಗಾಡಿಗೆ ಇನ್ನಷ್ಟು ಬಿಸಿ ಕೊಟ್ಟರೆ ಆಗುವುದೇನು? ಹೈವೇಯಲ್ಲಿ ತಣ್ಣಗಿದ್ದು ನಿಂತಾಗ ಬಿಸಿಯಾಗುತ್ತದೆ ಅಂದರೆ ಕಂಪ್ರೆಸರನ್ನು ಬೈಯುವ ಮುಂಚೆ ಕಂಡೆನ್ಸರ್ ಮೇಲೆ ಗಾಳಿ ಎಷ್ಟು ಹಾಯುತ್ತಿದೆ ಅಂತ ನೋಡಬೇಕು. ಆದರೆ ಗಿರಾಕಿಗೆ "ದೊಡ್ಡದು ಹಾಕೋಣ" ಅನ್ನುವ ಮಾತು ಬೇಗ ಅರ್ಥವಾಗುತ್ತದೆ, ಅದೇ ಕಷ್ಟ.

ಯಜಮಾನರು ಕೊಟೇಶನ್ ಜೇಬಿಗೆ ಇಟ್ಟುಕೊಂಡು, ಚಿತ್ರದುರ್ಗದಲ್ಲಿ ಲಾರಿ-ಬಸ್ಸುಗಳ ಎಸಿ ನೋಡುವ ಒಬ್ಬ ಹಿರಿಯ ಮೇಸ್ತ್ರಿ ಹತ್ತಿರ ಹೋದರು. ಗ್ಯಾಸು ಹಾಕಿಸಲು ಅಲ್ಲ, ಇನ್ನೊಬ್ಬರ ಅಭಿಪ್ರಾಯ ಕೇಳಲು.

ಒಂದು ಮಗ್ಗು ನೀರು

ಮೇಸ್ತ್ರಿ ಗ್ಯಾಸಿನ ಸಿಲಿಂಡರ್ ಮುಟ್ಟಲೇ ಇಲ್ಲ. ಗೇಜು ಹಾಕಿದರು, ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಬಿಟ್ಟರು, ಎಸಿ ಹಾಕಿ ಸುಮ್ನೆ ನಿಂತರು. ಹೊರಗೆ 38 ಡಿಗ್ರಿ ಇದ್ದಾಗ ಆರ್-134ಎ ಎಸಿಯಲ್ಲಿ ಹೈ ಸೈಡ್ (ಕಂಪ್ರೆಸರಿನಿಂದ ಹೊರಡುವ ಕಡೆಯ ಗ್ಯಾಸಿನ ಒತ್ತಡ) ಸುಮಾರು 230ರಿಂದ 270 ಪಿಎಸ್‌ಐ ಒಳಗೆ ಇರಬೇಕು. ಇಲ್ಲಿ ಮುಳ್ಳು 350 ದಾಟಿ ಮೇಲೆ ಹೋಗುತ್ತಲೇ ಇತ್ತು. ಎಸಿ ಬಾಯಿಂದ ಬರುವ ಗಾಳಿ 21 ಡಿಗ್ರಿ.

ಆಮೇಲೆ ಒಂದು ಮಗ್ಗು ನೀರು ತೆಗೆದುಕೊಂಡು ಗ್ರಿಲ್ಲಿನ ಸಂದಿಯಿಂದ ಕಂಡೆನ್ಸರ್ ಮೇಲೆ ನಿಧಾನಕ್ಕೆ ಸುರಿದರು. ಮುಳ್ಳು ಇಳಿಯಿತು. ಒಳಗೆ ಕೂತಿದ್ದ ಯಜಮಾನರು "ತಣ್ಣಗೆ ಬಂತು ಮೇಸ್ತ್ರಿ" ಅಂತ ಕೂಗಿದರು. ನೀರು ಆರಿತು, ಮತ್ತೆ ಬೆಚ್ಚಗಾಯಿತು.

ಈ ಪರೀಕ್ಷೆಗೆ ಖರ್ಚೇ ಇಲ್ಲ. ನೀರು ಸುರಿದಾಗ ಒತ್ತಡ ಇಳಿದು ಗಾಳಿ ತಣ್ಣಗಾದರೆ ಕಂಪ್ರೆಸರ್ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ, ಬಿಸಿ ಹೊರಗೆ ಹೋಗುತ್ತಿಲ್ಲ ಅಷ್ಟೇ. ಯಾಕೆ ಹೋಗುತ್ತಿಲ್ಲ? ಮೇಸ್ತ್ರಿ ಒಂದು ಪೇಪರ್ ಚೂರನ್ನು ಗ್ರಿಲ್ ಮುಂದೆ ಹಿಡಿದರು. ಫ್ಯಾನು ಗಾಳಿಯನ್ನು ಒಳಕ್ಕೆ ತಳ್ಳುತ್ತಿದ್ದರೆ, ಅದರ ಹಿಂದೆ ಎಂಜಿನ್ ಫ್ಯಾನೂ ಎಳೆಯುತ್ತಿರುವಾಗ, ಪೇಪರ್ ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ಅಂಟಲಿಲ್ಲ, ಹೊರಕ್ಕೆ ಹಾರಾಡಿತು. ಫ್ಯಾನಿನ ಎರಡು ವೈರು ಅದಲುಬದಲಾಗಿತ್ತು. ಎಂಜಿನ್ ಫ್ಯಾನು ಒಳಗೆ ಎಳೆಯುವುದನ್ನು ಕಂಡೆನ್ಸರ್ ಫ್ಯಾನು ಹೊರಗೆ ದಬ್ಬುತ್ತಿತ್ತು. ಗಾಡಿ 60ರಲ್ಲಿ ಓಡುವಾಗ ಎದುರುಗಾಳಿಯೇ ಇದನ್ನು ಮೀರಿಸುತ್ತಿತ್ತು, ನಿಂತಾಗ ಎರಡೂ ಜಗಳ. ಡಿಸಿ ಮೋಟಾರು ಉಲ್ಟಾ ಕೊಟ್ಟರೂ ತಿರುಗುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಫ್ಯಾನು ತಿರುಗುತ್ತಿದೆಯಾ ಅಂತ ಎಲ್ಲರೂ ನೋಡುತ್ತಾರೆ, ಯಾವ ಕಡೆಗೆ ಅಂತ ನೋಡುವವರು ಕಡಿಮೆ.

ವೈರು ಬದಲಿಸಿದ ಮೇಲೂ ಒತ್ತಡ ಪೂರ್ತಿ ಸರಿ ಬರಲಿಲ್ಲ. ಇನ್ನೂ ಎರಡು ಕಾರಣ ಇದ್ದವು.

ಒಂದು, ಗ್ಯಾಸು ಜಾಸ್ತಿಯಾಗಿತ್ತು. ಹಿಂದೆ ಆರ್-12 ಅನ್ನುವ ಹಳೆ ಗ್ಯಾಸು ಇದ್ದಾಗ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಮೇಲಿನ ಗಾಜಿನಲ್ಲಿ ಗುಳ್ಳೆ ಹೋಗುವ ತನಕ ಗ್ಯಾಸು ತುಂಬುವ ರೂಢಿ ಇತ್ತು. ಆರ್-134ಎಗೆ ಆ ಲೆಕ್ಕ ನಂಬುವಂತಿಲ್ಲ. ಸರಿಯಾದ ಪ್ರಮಾಣದಲ್ಲೂ ಗಾಜಿನಲ್ಲಿ ಸ್ವಲ್ಪ ಗುಳ್ಳೆ ಕಾಣಬಹುದು. ಅದು ಹೋಗುವ ತನಕ ತುಂಬಿದರೆ ಮಿತಿ ಮೀರಿರುತ್ತದೆ. ಮೇಸ್ತ್ರಿ ಗ್ಯಾಸನ್ನೆಲ್ಲ ಗಾಳಿಗೆ ಬಿಡದೆ ಮೆಷಿನ್‌ಗೆ ಎಳೆದುಕೊಂಡು, ಅರ್ಧ ಗಂಟೆಗೂ ಜಾಸ್ತಿ ವ್ಯಾಕ್ಯೂಮ್ ಇಟ್ಟು (ಒಳಗಿನ ಗಾಳಿ, ತೇವ ಎಳೆದು ತೆಗೆದು), ತಕ್ಕಡಿ ಮೇಲೆ ತೂಕ ಮಾಡಿ ತುಂಬಿದರು. ಇಲ್ಲೊಂದು ಚಿಕ್ಕ ವಿಷಯ. ಚಿತ್ರದುರ್ಗ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ, ಹಾಗಾಗಿ ಗಾಳಿಯ ಒತ್ತಡವೇ ಸ್ವಲ್ಪ ಕಮ್ಮಿ. ಪುಸ್ತಕದಲ್ಲಿ ಬರೆದ ಹಾಗೆ ವ್ಯಾಕ್ಯೂಮ್ ಗೇಜು 29 ಇಂಚು ತೋರಿಸುವುದಿಲ್ಲ, 27ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಪಂಪು ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ.

ಎರಡು, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಸುತ್ತಲೂ ಸಂದಿ. ಎಂಜಿನ್ ಫ್ಯಾನು ಕಂಡೆನ್ಸರ್ ಮೂಲಕ ಎಳೆಯುವ ಬದಲು ಆ ಸಂದಿಯಿಂದ ಸುಲಭವಾಗಿ ಗಾಳಿ ತೆಗೆದುಕೊಳ್ಳುತ್ತಿತ್ತು. ಅದೂ ಎಂತಹ ಗಾಳಿ, ಎಂಜಿನ್ ಕೆಳಗಿನಿಂದ ಮುಂದಕ್ಕೆ ಸುತ್ತಿ ಬಂದ ಬಿಸಿ ಗಾಳಿ. ಪಕ್ಕ, ಮೇಲೆ, ಕೆಳಗೆ ರಬ್ಬರ್ ಪಟ್ಟಿ ಮತ್ತು ತೆಳು ತಗಡು ಹಾಕಿ ಮುಚ್ಚಿದರು. ಎಂಜಿನ್ ಫ್ಯಾನಿನ ಸುತ್ತ ಒಂದು ತಗಡಿನ ಶ್ರೌಡ್, ಅಂದರೆ ಗಾಳಿ ಆಚೀಚೆ ಹೋಗದ ಹಾಗೆ ತಡೆಯುವ ಕವಚ, ಮಾಡಿಸಿದರು. ಕುದಿಯುವ ಸಮಸ್ಯೆಯೂ ಬಹುಪಾಲು ಇಲ್ಲೇ ಹೋಯಿತು.

ಇದೇ ಹೊತ್ತಿಗೆ ಇನ್ನೊಂದು ಕಂಡಿತು, ನೋಡಿ ನನಗಂತೂ ಸಿಟ್ಟು ಬಂತು. ಒತ್ತಡ ಮಿತಿ ಮೀರಿದಾಗ ಕಂಪ್ರೆಸರನ್ನು ನಿಲ್ಲಿಸುವ ಸ್ವಿಚ್ ಇರುತ್ತದಲ್ಲ, ಅದರ ಎರಡು ವೈರನ್ನು ಒಂದಕ್ಕೊಂದು ಸೇರಿಸಿ ಟೇಪು ಸುತ್ತಿದ್ದರು. "ಪದೇಪದೇ ಕಟ್ ಆಗ್ತಿತ್ತು, ಅದಕ್ಕೆ ನೇರ ಮಾಡಿದ್ವಿ" ಅಂತ ಯಜಮಾನರಿಗೆ ಹೇಳಿದ್ದರಂತೆ. ಪದೇಪದೇ ಕಟ್ ಆಗುತ್ತಿದ್ದದ್ದೇ ರೋಗ ಏನು ಅಂತ ಹೇಳುತ್ತಿತ್ತು! ಹೀಗೆ ಬಿಟ್ಟರೆ ಹೋಸು ಒಡೆಯಬಹುದು, ಇಲ್ಲ ಕಂಪ್ರೆಸರ್ ಒಳಗೇ ಹಾಳಾಗಬಹುದು. ನಿಮ್ಮ ಗಾಡಿಗೆ ಯಾರಾದರೂ ಹೀಗೆ ಮಾಡಿದ್ದಾರಾ ಅಂತ ಇವತ್ತೇ ನೋಡಿ.

ಕರೆಂಟಿನ ಲೆಕ್ಕ

ನನ್ನನ್ನು ಕರೆದದ್ದು ಇಲ್ಲಿ. ಲೆಕ್ಕ ಸರಳ. ತಣ್ಣನೆ ಗಾಳಿ ದೂಡುವ ಬ್ಲೋವರ್ ಪೂರ್ತಿ ವೇಗದಲ್ಲಿ ಸುಮಾರು 10 ಆಂಪಿಯರ್, ಕಂಡೆನ್ಸರ್ ಫ್ಯಾನು 8, ಕಂಪ್ರೆಸರನ್ನು ಬೆಲ್ಟಿಗೆ ಸೇರಿಸುವ ಕ್ಲಚ್ 4. ಇಷ್ಟಕ್ಕೇ 22. ರಾತ್ರಿ ಹೆಡ್‌ಲೈಟ್ ಹಾಕಿದರೆ 60 ವ್ಯಾಟಿನ ಎರಡು ಬಲ್ಬಿಗೆ ಇನ್ನೂ 10. ಹಿಂದಿನ ದೀಪ, ವೈಪರ್ ಬೇರೆ. ಗಾಡಿಯಲ್ಲಿದ್ದದ್ದು 35 ಆಂಪಿಯರಿನ ಹಳೆ ಆಲ್ಟರ್ನೇಟರ್, ಅಂದರೆ ಎಂಜಿನ್ನಿನಿಂದ ತಿರುಗಿ ಕರೆಂಟು ಕೊಡುವ ಯಂತ್ರ. ಅದೂ 35 ಕೊಡುವುದು ಎಂಜಿನ್ ವೇಗವಾಗಿ ತಿರುಗಿದಾಗ. ಐಡಲ್‌ನಲ್ಲಿ ಅದರ ಅರ್ಧ ಬಂದರೆ ಪುಣ್ಯ. ಉಳಿದದ್ದು ಬ್ಯಾಟರಿಯಿಂದ ಹೋಗುತ್ತಿತ್ತು. ವೋಲ್ಟೇಜ್ ಕಮ್ಮಿಯಾದಾಗ ಫ್ಯಾನು ನಿಧಾನ, ಕ್ಲಚ್ಚಿನ ಹಿಡಿತ ಸಡಿಲ, ಅದು ಜಾರಿ ಬಿಸಿಯಾಗುವುದು. ಅಂದರೆ ತಣ್ಣಗಾಗದೆ ಇದ್ದದ್ದರಲ್ಲಿ ಆಲ್ಟರ್ನೇಟರಿನ ಪಾಲೂ ಇತ್ತು.

65 ಆಂಪಿಯರಿನ ಆಲ್ಟರ್ನೇಟರ್ ಹಾಕಿದೆವು. ಅದರಿಂದ ಬ್ಯಾಟರಿಗೆ 10 ಚದರ ಮಿಲಿಮೀಟರ್ ವೈರು, ಬ್ಲೋವರ್, ಫ್ಯಾನು, ಕ್ಲಚ್ ಮೂರಕ್ಕೂ ಬೇರೆ ಬೇರೆ ರಿಲೇ, ಫ್ಯೂಸು ಬ್ಯಾಟರಿ ಪಕ್ಕದಲ್ಲೇ. ಹಳೆ ಕೆಲಸದಲ್ಲಿ ಇದೆಲ್ಲ ಇಗ್ನಿಷನ್ ಸ್ವಿಚ್ಚಿನ ಮೂಲಕವೇ ಹೋಗಿತ್ತು. ಸ್ವಿಚ್ಚಿನ ಹಿಂದಿನ ಪ್ಲಾಸ್ಟಿಕ್ ಕರಗಲು ಶುರುವಾಗಿತ್ತು. ಅದೃಷ್ಟ, ಬೆಂಕಿ ಹತ್ತಿರಲಿಲ್ಲ.

ಎಸಿ ಭಾರಕ್ಕೆ ಐಡಲ್ ವೇಗ ಬೀಳದಿರಲಿ ಅಂತ ಡೀಸೆಲ್ ಪಂಪಿನ ಲಿವರನ್ನು ಸ್ವಲ್ಪ ಎಳೆದು ಹಿಡಿಯುವ, ಕರೆಂಟಿನಿಂದ ಕೆಲಸ ಮಾಡುವ ಸೊಲೆನಾಯ್ಡ್ ಇಟ್ಟೆವು. ಕಂಪ್ರೆಸರ್ ಕ್ಲಚ್ ಹಿಡಿದಾಗ ಅದೂ ಎಳೆಯುತ್ತದೆ. ಏರಿನಲ್ಲಿ ಕಂಪ್ರೆಸರ್ ತಾನಾಗಿ ಕಟ್ ಆಗುವ ಹಾಗೆ ಮಾಡಲೇ ಅಂತ ಕೇಳಿದೆ. ಯಜಮಾನರು ಬೇಡ ಅಂದರು. "ನನ್ನ ಕೈಯಲ್ಲಿ ಒಂದು ಸ್ವಿಚ್ ಕೊಡಪ್ಪ ಸಾಕು, ಏರು ಬಂದ್ರೆ ನಂಗೆ ಗೊತ್ತಾಗಲ್ವಾ?" ಅವರು ಹೇಳಿದ್ದು ಸರಿಯೇ. ಕಂಪ್ರೆಸರ್ 3ರಿಂದ 5 ಅಶ್ವಶಕ್ತಿ ತಿನ್ನುತ್ತದೆ. 62ರಲ್ಲಿ ಅಷ್ಟು ಹೋದರೆ ಗೇರು ಹಾಕುವ ಕೈಗೇ ಮೊದಲು ತಿಳಿಯುತ್ತದೆ.

ಬ್ರಾಕೆಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಳೆಯದು ಒಂದೇ ಕಡೆ ಬೋಲ್ಟು ಹಾಕಿದ ಪಟ್ಟಿ. ಡೀಸೆಲ್ ಎಂಜಿನ್ನಿನ ನಡುಕಕ್ಕೆ ಅದು ಬಿರುಕು ಬಿಡುವುದೇ. ದಪ್ಪ ಪ್ಲೇಟಿನಲ್ಲಿ, ಕಂಪ್ರೆಸರಿನ ಎರಡೂ ತುದಿ ಹಿಡಿಯುವ ಹಾಗೆ, ಬೆಲ್ಟು ಬಿಗಿ ಮಾಡಲು ಉದ್ದ ತೂತಿಟ್ಟು ಹೊಸದು ಮಾಡಿಸಿದರು. ಪುಲ್ಲಿಗಳು ಒಂದೇ ಗೆರೆಯಲ್ಲಿವೆಯಾ ಅಂತ ಉದ್ದ ಸ್ಕೇಲಿಟ್ಟು ನೋಡಿದರು. ಆಮೇಲೆ ಬೆಲ್ಟು ಕಿರುಚಿಲ್ಲ.

ಧೂಳು ತೋರಿಸಿದ ತೂತುಗಳು

ಇಷ್ಟೆಲ್ಲ ಆದ ಮೇಲೆ ಐಡಲ್‌ನಲ್ಲಿ ಬಾಯಿಯ ಗಾಳಿ 14 ಡಿಗ್ರಿಗೆ ಬಂತು, ಓಡುವಾಗ 9-10. ಗ್ಯಾರೇಜಿನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಆದರೆ ಯಜಮಾನರು ಬಂದು ಹೇಳಿದ್ದು ಬೇರೆ: "ಮುಖಕ್ಕೆ ತಣ್ಣಗೆ ಹೊಡೀತದೆ, ಬೆನ್ನು ಬೆವರ್ತದೆ. ಧೂಳೂ ಬರ್ತದೆ."

ನನ್ನ ಪ್ರಕಾರ ಇಡೀ ಪ್ರಕರಣದ ಮುಖ್ಯ ತಿರುವು ಇದು. ಮಗ್ಗಿನ ನೀರು ಜಾಣತನದ ಪರೀಕ್ಷೆ, ನಿಜ, ಆದರೆ ಅದು ಯಂತ್ರವನ್ನು ಸರಿಮಾಡಿತು ಅಷ್ಟೇ. ಇವರಿಗೆ ಬೇಕಿದ್ದದ್ದು ಧೂಳಿಲ್ಲದೆ ಕೂರುವ ಜಾಗ. ಟಾರ್ಪಲ್ ಜೀಪಿಗೆ ಎಸಿ ಹಾಕುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಆಗ ಮೂರು ದಾರಿ ಇದ್ದವು. ಹಿಂದಕ್ಕೆ ಇನ್ನೊಂದು ಬ್ಲೋವರ್ ಹಾಕುವುದು. ಟಾರ್ಪಲ್ ತೆಗೆದು ಗಟ್ಟಿ ಫೈಬರ್ ಟಾಪ್ ಕೂರಿಸುವುದು. ಇಲ್ಲ, ಇರುವ ಟಾರ್ಪಲ್ಲನ್ನೇ ಸರಿಮಾಡುವುದು. ಫೈಬರ್ ಟಾಪ್ ಒಳ್ಳೆಯ ಉಪಾಯವೇ, ಆದರೆ ಅದಕ್ಕೊಂದು ಕಾನೂನಿನ ಮಗ್ಗುಲು ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಲು ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಬಾಡಿ ಬದಲಾಯಿಸಿಕೊಂಡು ಅಲ್ಲಿ ವಾದ ಮಾಡುವುದು ಯಜಮಾನರಿಗೆ ಇಷ್ಟವಿರಲಿಲ್ಲ. ಅಪ್ಪನ ಕಾಲದ ರೂಪ ಬದಲಾಗುವುದೂ ಬೇಡ ಅಂದರು. ಮೂರನೇ ದಾರಿ ಹಿಡಿದರು.

ತೂತು ಎಲ್ಲಿವೆ ಅಂತ ಹುಡುಕಲು ಊದುಬತ್ತಿ ಹಚ್ಚಿ ಹೊಗೆ ನೋಡೋಣ ಅಂತ ನಾನು ಅಂದುಕೊಂಡಿದ್ದೆ. ಬೇಕಾಗಲೇ ಇಲ್ಲ. ಫ್ಲೋರ್ ಮ್ಯಾಟ್ ಎತ್ತಿದರೆ ಕೆಂಪು ಧೂಳು ಗೆರೆ ಬರೆದುಕೊಂಡು ಕೂತಿತ್ತು. ಕ್ಲಚ್ ಮತ್ತು ಬ್ರೇಕ್ ಪೆಡಲ್ ತೂತಿನಿಂದ ಒಂದು ಗೆರೆ. ಗೇರು ಲಿವರಿನ ಹರಿದ ರಬ್ಬರಿನ ಸುತ್ತ ದೊಡ್ಡ ಮಚ್ಚೆ. ಫೈರ್‌ವಾಲ್‌ನಲ್ಲಿ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ವೈರು ಹಾಯಿಸಲು ಕೊರೆದು ಹಾಗೇ ಬಿಟ್ಟ ತೂತು, ಎಸಿ ಪೈಪು ಹಾಯುವ ತೂತು. ಹಿಂದಿನ ಬಾಗಿಲು ಮತ್ತು ಟಾರ್ಪಲ್ ಸೇರುವ ಕಡೆ ಎಲ್ಲಕ್ಕಿಂತ ಜಾಸ್ತಿ. ಧೂಳು ಬರುವ ದಾರಿಯಲ್ಲೇ ಬಿಸಿಯೂ ಬರುತ್ತದೆ, ತಂಪೂ ಹೋಗುತ್ತದೆ.

ಪೆಡಲ್, ಗೇರಿಗೆ ಹೊಸ ರಬ್ಬರ್ ಬೂಟು. ಫೈರ್‌ವಾಲ್ ತೂತುಗಳಿಗೆ ಗ್ರಾಮೆಟ್ ಅನ್ನುವ ರಬ್ಬರ್ ಬಳೆ. ಫ್ಲೋರಿಗೂ ಗೇರ್‌ಬಾಕ್ಸ್ ಮೇಲಿನ ತಗಡಿಗೂ ಶಾಖ ತಡೆಯುವ ಫೋಮ್ ಶೀಟು. ಆಮೇಲೆ ಸೀಟು-ಟಾರ್ಪಲ್ ಹೊಲಿಯುವವರ ಹತ್ತಿರ ಹೋಗಿ ಟಾರ್ಪಲ್ ಒಳಗೆ ಇನ್ನೊಂದು ಪದರ ಹೊಲಿಸಿದರು, ಮಧ್ಯೆ ತೆಳು ಫೋಮ್. ಅಡಿಯಲ್ಲಿ ಬಟನ್ ಬದಲು ಉದ್ದಕ್ಕೂ ವೆಲ್ಕ್ರೋ, ಹಿಂದಿನ ಬಾಗಿಲಿಗೆ ಬೀಡಿಂಗ್ ರಬ್ಬರ್. ಇಡೀ ಕೆಲಸದಲ್ಲಿ ಅತಿ ಕಮ್ಮಿ ದುಡ್ಡು ಹೋದದ್ದು ಇದಕ್ಕೆ, ಅತಿ ಜಾಸ್ತಿ ವ್ಯತ್ಯಾಸ ಬಂದದ್ದೂ ಇದರಿಂದಲೇ. ದೊಡ್ಡ ಕಂಪ್ರೆಸರಿನ ಕೊಟೇಶನ್ ಮುಂದೆ ಹೊಲಿಗೆಯವರ ಬಿಲ್ಲು ಲೆಕ್ಕಕ್ಕೇ ಇಲ್ಲ.

ಒಂದು ಎಚ್ಚರಿಕೆ. ಗಾಡಿಯನ್ನು ಹೀಗೆ ಮುಚ್ಚುವ ಮುಂಚೆ ಸೈಲೆನ್ಸರ್ ಪೈಪು ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮುಂಚೆ ಹೊಗೆ ಒಳಗೆ ಬಂದರೂ ಹೊರಗೆ ಹೋಗಲು ನೂರು ದಾರಿ ಇದ್ದವು, ಈಗ ಇಲ್ಲ. ಡ್ಯಾಷ್ ಕೆಳಗಿನ ಪೆಟ್ಟಿಗೆ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗಿನದನ್ನು ತೆಗೆದುಕೊಳ್ಳುವುದಿಲ್ಲ. ಧೂಳಿಗೆ ಅದು ಒಳ್ಳೆಯದು, ಉಸಿರಿಗೆ ಅಲ್ಲ. ಈ ಗಾಡಿಯಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಬದಲಿಸಿದರು, ಧೂಳಿಲ್ಲದ ರಸ್ತೆ ಸಿಕ್ಕಾಗ ಆಗಾಗ ಪಕ್ಕದ ಪರದೆ ಸ್ವಲ್ಪ ತೆರೆಯುವುದು ರೂಢಿಯಾಗಿದೆ.

ಈಗ ಹೇಗಿದೆ

ಮೇ ತಿಂಗಳ ಮಧ್ಯಾಹ್ನ ದಾವಣಗೆರೆಯ ಟ್ರಾಫಿಕ್‌ನಲ್ಲಿ ನಿಂತಾಗಲೂ ಮುಂದೆ ಕೂತವರಿಗೆ ಬೆವರು ಬರುವುದಿಲ್ಲ. ಧೂಳಿನ ರಸ್ತೆಯಲ್ಲಿ ಮನೆಯವರು ಮೂಗಿಗೆ ಸೆರಗು ಹಿಡಿಯುವುದು ನಿಂತಿದೆ. ಯಜಮಾನರು ಬಿಲ್ಲಿನ ದುಡ್ಡು ಕೊಡುವಾಗ ಹೇಳಿದ್ದು ಇದೊಂದೇ ಮಾತು, ತಣ್ಣಗಿನ ಸುದ್ದಿಯನ್ನೇ ಎತ್ತಲಿಲ್ಲ. ರೇಡಿಯೇಟರ್ ನೀರು ಮತ್ತೆ ಕುದ್ದಿಲ್ಲ.

ಕಾರಿನ ಹಾಗೆ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಸಿಲಲ್ಲಿ ನಿಲ್ಲಿಸಿ ಬಂದರೆ ಮೊದಲ ಹತ್ತು ನಿಮಿಷ ಏನೂ ಗೊತ್ತಾಗುವುದಿಲ್ಲ. ಪರದೆ ತೆರೆದು ಸ್ವಲ್ಪ ದೂರ ಓಡಿಸಿ, ಬಿಸಿ ಗಾಳಿ ಹೋದ ಮೇಲೆ ಮುಚ್ಚಿ ಎಸಿ ಹಾಕಬೇಕು. ಡೀಸೆಲ್ ಮುಂಚಿಗಿಂತ ಜಾಸ್ತಿ ಕುಡಿಯುತ್ತದೆ. ಎಸಿ ಪೆಟ್ಟಿಗೆಯ ನೀರು ಹೊರಗೆ ಹೋಗುವ ಪೈಪು ಸಣ್ಣದಾಗಿದ್ದು ಧೂಳು ಕಟ್ಟಿಕೊಂಡು ಒಮ್ಮೆ ಪಕ್ಕದವರ ಕಾಲ ಮೇಲೇ ಸೋರಿತು. ದಪ್ಪ ಪೈಪು ಹಾಕಿ ಇಳಿಜಾರು ಕೊಟ್ಟ ಮೇಲೆ ಸರಿಯಾಯಿತು. ಕಂಡೆನ್ಸರ್ ಮೇಲೆ ಕೂರುವ ಕೆಂಪು ಧೂಳನ್ನು ಆಗಾಗ ನೀರಿನಿಂದ ತೊಳೆಯಬೇಕು. ತುಂಬಾ ಜೋರು ಪ್ರೆಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ ಅಂತ ಮೇಸ್ತ್ರಿ ಹೇಳಿದ್ದಾರೆ. ಎಣ್ಣೆ ಆಡದಿದ್ದರೆ ಕಂಪ್ರೆಸರಿನ ಶಾಫ್ಟ್ ಸೀಲ್ ಒಣಗಿ ಗ್ಯಾಸು ಸೋರುತ್ತದೆ.

ಇದೇ ಕೆಲಸಕ್ಕೆ ಇಳಿಯುವವರು ನನ್ನನ್ನು ಕೇಳಿದರೆ ಕ್ರಮವನ್ನೇ ತಿರುಗಿಸಿ ಅನ್ನುತ್ತೇನೆ. ಎಸಿ ಕಿಟ್ ಕೊಳ್ಳುವ ಮುಂಚೆ ಟಾರ್ಪಲ್, ಫ್ಲೋರು, ಪೆಡಲ್ ತೂತು. ಆಮೇಲೆ ರೇಡಿಯೇಟರ್ ಮತ್ತು ಶ್ರೌಡ್. ಆಮೇಲೆ ಆಲ್ಟರ್ನೇಟರ್. ಕಂಪ್ರೆಸರ್ ಕೊನೆಗೆ. ಮುಚ್ಚುವ ಕೆಲಸ ಆದ ಮೇಲೆ ಎಷ್ಟೋ ಜನರಿಗೆ ಎಸಿಯೇ ಬೇಡ, ಒಂದು ಒಳ್ಳೆ ಬ್ಲೋವರ್ ಸಾಕು ಅನ್ನಿಸಬಹುದು, ಧೂಳಿಲ್ಲದ ಕಡೆ ಇರುವವರಿಗೆ.

ಹಿಂದಿನ ಸೀಟು ಮಾತ್ರ ಇನ್ನೂ ಬೆಚ್ಚಗೇ ಇದೆ. ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ಹಿಂದಕ್ಕೊಂದು ಬ್ಲೋವರ್ ಹಾಕಿಸಿ ಅನ್ನುತ್ತಾನೆ. 65 ಆಂಪಿಯರಿನಲ್ಲಿ ಅದಕ್ಕೆ ಬೇಕಾದ 8-10 ಆಂಪಿಯರಿಗೆ ಜಾಗ ಇದೆ, ಆದರೆ ಐಡಲ್‌ನಲ್ಲಿ ಇಲ್ಲ ಅಂತ ನಾನು ಹೇಳಿದ್ದೇನೆ. ಯಜಮಾನರು ಬೇರೆ ಕಾರಣ ಕೊಡುತ್ತಾರೆ: ಹಿಂದೆ ಕೂರುವುದು ಬಹುತೇಕ ಅಡಿಕೆ ಮೂಟೆ, ಅದಕ್ಕೆ ಎಸಿ ಯಾಕೆ?